ಗಟ್ಟಿ ದನಿಯ ಶಂಕರೆಪ್ಪ

"ಎಡಕ್ಕ ವಾಲಾಕತ್ತೈತ್ರಿ ಅಕ್ಕಾರ, ಚೂರು ಹಿಡೀರಿ," ಎಂದ ಅಮಸಿದ್ದಪ್ಪ, ಬಿಳಿ ಅರಿವೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

ಬನಶಂಕರಿ ಗಂಡನ ಎರಡೂ ಕೆನ್ನೆಗಳಿಗೆ ಕೈಕೊಟ್ಟು ತಲೆಯನ್ನು ನೆಟ್ಟಗೆ ಹಿಡಿದಳು. ಮಾಜಿ ಶಾಸಕ ಶಂಕರೆಪ್ಪನನ್ನು ಪದ್ಧತಿಯಂತೆ ಕುಳ್ಳಿರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಣೆಯ ತುಂಬ ವಿಭೂತಿ ಬಳಿದು ಅಂತಿಮಯಾತ್ರೆಯ ವಿಮಾನದೊಳಗೆ ಕಟ್ಟುತ್ತಿದ್ದರು. ಬಿದಿರಿನ ಆ ವಿಮಾನಕ್ಕೆ ಚೆಂಡುಹೂವಿನ ಸರಗಳನ್ನು ಇಳಿಬಿಟ್ಟು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ನಿಲ್ಲಿಸಿದ್ದರು. ಎಲ್ಲವೂ ಸರಿಯಾಗಿತ್ತು, ತಲೆಯೊಂದು ಮಾತ್ರ ಮಾತು ಕೇಳುತ್ತಿರಲಿಲ್ಲ. ಎಷ್ಟು ಬಿಗಿದರೂ ಮುಖ ಎಡಕ್ಕೆ ಹೊರಳಿ ಬಲಗಿವಿ ಮುಂದಾಗುತ್ತಿತ್ತು.

"ಬದುಕಿದ್ದಾಗೂ ಹಿಂಗ ಕುಂಡ್ರತಿದ್ರು," ಎಂದಳು ಬನಶಂಕರಿ. "ಎಡಗಿವಿ ಪೂರಾ ಹೋಗಿತ್ತು. ಯಾರರ ಬಾಯಿ ತೆಗದ್ರ ಸಾಕು, ಬಲಗಿವಿ ಮುಂದ ಮಾಡತಿದ್ರು."

"ಮಂತ್ರಿ ಬಂದ್ರೂ ಹಂಗ, ಭಿಕ್ಷುಕ ಬಂದ್ರೂ ಹಂಗ," ಎಂದು ಅಮಸಿದ್ದಪ್ಪ ಗಂಟು ಬಿಗಿದ. ಗಲಗಲಿಯ ಕುರುಬರ ಮನೆಯವನು. ಶಂಕರೆಪ್ಪ ನಗರಸಭೆಯ ಅಧ್ಯಕ್ಷನಾದ ದಿನದಿಂದ ಅವನ ಗಾಡಿ ಓಡಿಸಿದವನು. ಅಧಿಕಾರ ಹೋಯಿತು, ಗಾಡಿ ಮಾರಿಹೋಯಿತು, ಅಮಸಿದ್ದಪ್ಪ ಮಾತ್ರ ಉಳಿದಿದ್ದ. ಇವತ್ತು ಟ್ರ್ಯಾಕ್ಟರನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲವೆಂದು ಬೆಳಗ್ಗೆಯೇ ಹಟ ಹಿಡಿದು ಕುಳಿತಿದ್ದ.

ಅಷ್ಟರಲ್ಲಿ ಪಕ್ಷದ ತಾಲೂಕು ಅಧ್ಯಕ್ಷ ಸುಭಾಷ್ ಫೋನನ್ನು ಕಿವಿಯಿಂದ ತೆಗೆಯುತ್ತ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೇರೆಯವರ ಸಾವಿನಲ್ಲೂ ಎಲ್ಲ ಕೆಲಸ ತನ್ನಿಂದಲೇ ಆಗಬೇಕೆಂಬ ಹುರುಪು. ಕೆಟ್ಟವನೇನಲ್ಲ. ಶಂಕರೆಪ್ಪನಿಗೆ ಎರಡನೇ ಸಲದ ಟಿಕೆಟ್ ತಪ್ಪಿದಾಗ ನಾಲ್ಕು ದಿನ ಬಂದು ಹೋಗಿ ಮಾಡಿದ್ದನೆಂದರೆ, ಆ ಕಾಲಕ್ಕೆ ಅದು ದೊಡ್ಡದೇ.

"ಅಕ್ಕಾರ, ಹೈವೇ ಹಿಡದು ಸೀದಾ ರುದ್ರಭೂಮಿಗಿ ಹೋಗೂಣ್ರಿ. ಜಮಖಂಡಿ, ಮುಧೋಳ ಕಡಿಂದ ದೊಡ್ಡ ಮಂದಿ ಬರಾಕತ್ತಾರ. ಹಳೇ ಓಣ್ಯಾಗ ಅವರ ಗಾಡಿ ಹೋಗಂಗಿಲ್ಲ."

"ಹೋಗತಾವು. ರಸ್ತೆ ಅಗಲ ಮಾಡಿದವರು ಇಲ್ಲೇ ಕುಂತಾರಲ್ಲ, ಅವರನ್ನ ಕೇಳು."

ಸುಭಾಷ್ ಒಂದು ಕ್ಷಣ ವಿಮಾನದ ಕಡೆ ನೋಡಿಯೂಬಿಟ್ಟ. ಆಮೇಲೆ ದನಿ ತಗ್ಗಿಸಿದ. "ಅದಲ್ರಿ. ಓಣ್ಯಾಗ ಮಗ್ಗದ ಸಪ್ಪಳ. ಹೆಣ ಹೊಂಟಾಗ ಯಾರರ ಮಗ್ಗ ನಡಸಿದ್ರ ನಮಗೂ ಅವಮಾನ, ಸಾಹೇಬ್ರಿಗೂ ಅವಮಾನ."

"ಓಣಿ ಹಿಡದ ಹೋಗಬೇಕು," ಎಂದಳು ಬನಶಂಕರಿ.

"ಆತ್ರಿ. ಸಪ್ಪಳದ ಚಿಂತಿ ನೀವು ಬಿಡ್ರಿ, ಅದನ್ನ ನಾ ನೋಡ್ಕೋತೇನಿ," ಎಂದು ಅವನು ಫೋನಿನೊಂದಿಗೆ ಗೇಟಿನ ಕಡೆ ಹೋದ. ಎಲ್ಲದಕ್ಕೂ ನಾ ನೋಡ್ಕೋತೇನಿ ಎನ್ನುವುದು ಅವನ ಬಾಯಿಚಟ ಎಂದುಕೊಂಡು ಅವಳು ಮರೆತಳು.

ಶಂಕರೆಪ್ಪ ಹುಟ್ಟಿ ಬೆಳೆದ ಆ ನೇಕಾರರ ಓಣಿಯಲ್ಲಿ ಒಂದು ರೂಢಿಯಿದೆ. ಓಣಿಯವರು ಯಾರಾದರೂ ತೀರಿಕೊಂಡರೆ ವಿಮಾನ ದಾಟಿ ಹೋಗುವ ತನಕ ಮಗ್ಗ ನಿಲ್ಲುತ್ತವೆ. ನಿಲ್ಲಿಸಿರೆಂದು ಯಾರೂ ಹೋಗಿ ಹೇಳುವುದಿಲ್ಲ, ಹೇಳಬಾರದು. ಹೇಳಿ ನಿಲ್ಲಿಸಿದರೆ ಅದಕ್ಕೆ ಬೆಲೆಯಿಲ್ಲ. ಹಗಲೂ ರಾತ್ರಿ ಬಡಿದುಕೊಳ್ಳುವ ಆ ಓಣಿ ಸುಮ್ಮನಾಯಿತೆಂದರೆ ಸತ್ತವನು ನಮ್ಮವನೆಂದು ಅರ್ಥ. ಶಂಕರೆಪ್ಪ ಓಣಿ ಬಿಟ್ಟು, ಜಮಖಂಡಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಹದಿನೈದು ವರ್ಷದ ಮೇಲಾಗಿತ್ತು. ಇಷ್ಟು ವರ್ಷದ ಮೇಲೂ ಅವನು ನಮ್ಮವನೋ ಅಲ್ಲವೋ ಎಂಬುದು ಇವತ್ತು ಗೊತ್ತಾಗಬೇಕಿತ್ತು. ಬನಶಂಕರಿಗೆ ಬೇಕಾಗಿದ್ದು ಅದೊಂದೇ. ಅದರಲ್ಲೂ ಒಂದು ಮನೆಯ ಮಗ್ಗ.

ಆ ಮನೆಯ ನಂದಾ ನಸುಕಿನಲ್ಲೇ ಬಂದು ಹೆಂಗಸರ ನಡುವೆ ಕುಳಿತಿದ್ದಳು. ಶಂಕರೆಪ್ಪನ ತಮ್ಮ ಮುರಗೆಪ್ಪನ ಹೆಂಡತಿ ಅವಳು. ಒಬ್ಬಳೇ ಬಂದಿದ್ದಳು. ಬನಶಂಕರಿ ಏನೂ ಕೇಳದಿದ್ದರೂ ಅವಳೇ ಕಣ್ಣು ತಪ್ಪಿಸಿ ಹೇಳಿದಳು, "ಸುದ್ದಿ ಕೇಳಿ ಚಾ ಸೈತ ಕುಡೀಲಿಲ್ಲ ಅಕ್ಕಾ. ಎದ್ದು ಮಗ್ಗ ಚಾಲೂ ಮಾಡಿದ್ರು. ನಾ ಬರೂ ಮುಂದೂ ನಡಸಿದ್ರು."

"ನಡಸ್ಲಿ," ಎಂದಳು ಬನಶಂಕರಿ.

*

ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಬನಶಂಕರಿ ತನ್ನ ಗಂಡ ಮಹಾ ಸಿಟ್ಟಿನವನೆಂದು ಹೆದರಿದ್ದಳು. ಉಪ್ಪು ಕೊಡು ಎನ್ನಲೂ ಚೀರುವವನು. ಮಾವ ಚೀರುತ್ತಿದ್ದ, ಮೈದುನ ಚೀರುತ್ತಿದ್ದ, ಅತ್ತೆ ದೇವರಿಗೂ ಚೀರಿಯೇ ಬೇಡಿಕೊಳ್ಳುತ್ತಿದ್ದಳು. ನಡುಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು, ಒಂದರ ಪಕ್ಕ ಒಂದು. ಅವು ನಡೆದಾಗ ನೆಲ, ಗೋಡೆ, ಮಾಡದಲ್ಲಿನ ದೀಪ, ಬಾನದೊಳಗಿನ ನೀರು ಎಲ್ಲ ನಡುಗುತ್ತಿದ್ದವು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಮೆಲುದನಿಯವನು ಬದುಕುವುದೇ ಕಷ್ಟವೆಂದು ಅವಳಿಗೆ ತಿಳಿಯಲು ತಿಂಗಳು ಹಿಡಿಯಿತು.

ಚೀರಿದರೂ ಕೇಳದಾಗ ಕೈಸನ್ನೆ. ಮುಷ್ಟಿ ಎತ್ತಿದರೆ ಮಗ್ಗ ನಿಲ್ಲಿಸು ಎಂದು. ಎರಡು ಬೆರಳು ಸುತ್ತಿದರೆ ಲಾಳಿಯೊಳಗಿನ ಕಂಡಿಕೆಯ ನೂಲು ತೀರಿತೆಂದು. ಅಂಗೈಯನ್ನು ಕಿವಿಗೆ ಹಚ್ಚಿದರೆ ನೀನು ಹೇಳಿದ್ದು ಕೇಳಲಿಲ್ಲ, ಇನ್ನೊಮ್ಮೆ ಹೇಳು ಎಂದು. ಈ ಕೊನೆಯದಕ್ಕೆ ಒಂದು ಕಟ್ಟಳೆಯೂ ಇತ್ತು. ಎದುರಿನವನು ಕಿವಿಗೆ ಕೈ ಹಚ್ಚದ ಹೊರತು ಯಾರೂ ಎರಡನೇ ಸಲ ಹೇಳುತ್ತಿರಲಿಲ್ಲ. ಅಷ್ಟು ಸಪ್ಪಳದಲ್ಲಿ ಒಮ್ಮೆ ಹೇಳುವುದಕ್ಕೇ ಉಸಿರು ಸಾಲದು, ಬೇಡದವನಿಗೆ ಎರಡು ಸಲ ಹೇಳುವವರು ಯಾರು?

ಅಣ್ಣ ತಮ್ಮ ಇಬ್ಬರೂ ಎದುರುಬದುರು ಮಗ್ಗ ನಡೆಸುತ್ತ ದಿನವಿಡೀ ಹೀಗೆ ಮಾತಾಡುತ್ತಿದ್ದರು. ತುಟಿ ನೋಡಿ, ಕೈ ನೋಡಿ, ನಕ್ಕು. ಹೊಸ ಸೊಸೆಯ ಅಡುಗೆಯ ಬಗ್ಗೆಯೂ ಅವರ ನಡುವೆ ಏನೋ ಒಂದು ಸನ್ನೆಯಿತ್ತು. ಅದೇನೆಂದು ಎಷ್ಟು ಕೇಳಿದರೂ ಇಬ್ಬರೂ ಬಾಯಿ ಬಿಡಲಿಲ್ಲ.

ಆ ದನಿಯೇ ಶಂಕರೆಪ್ಪನನ್ನು ಮೇಲಕ್ಕೇರಿಸಿತು. ಓಣಿಗೆ ನೀರು ಬರಲಿಲ್ಲವೆಂದು ಒಮ್ಮೆ ನಗರಸಭೆಗೆ ಹೋಗಿ, ನೀರು ಯಾಕೆ ಬರಲಿಲ್ಲರೀ ಎಂದು ಕೇಳಿದ. ಬರೀ ಕೇಳಿದ್ದು. ಆಫೀಸಿನವರು ಜಗಳಕ್ಕೆ ಬಂದನೆಂದು ಎದ್ದು ನಿಂತರು, ಬೀದಿಯ ಜನ ಒಳಗೆ ನುಗ್ಗಿದರು, ಸಂಜೆಗೆ ನೀರು ಬಂತು. ಶಂಕರೆಪ್ಪ ಅಂದರೆ ಅಧಿಕಾರಿಗಳನ್ನು ನಡುಗಿಸುವವ ಎಂದು ಊರೆಲ್ಲ ಹಬ್ಬಿತು. ಮುಂದಿನ ಚುನಾವಣೆಯಲ್ಲಿ ಸದಸ್ಯ, ಅದರ ಮುಂದಿನದರಲ್ಲಿ ಅಧ್ಯಕ್ಷ. ಸಭೆಯಲ್ಲಿ ಅವನಿಗೆ ಮೈಕು ಬೇಕಾಗುತ್ತಿರಲಿಲ್ಲ. ಎದುರು ಪಕ್ಷದವರು ಏನಾದರೂ ಅಂದರೆ ಅಂಗೈಯನ್ನು ಕಿವಿಗೆ ಹಚ್ಚಿ ಅವರ ಕಡೆ ಬಾಗುತ್ತಿದ್ದ. ಇನ್ನೊಮ್ಮೆ ಹೇಳು ನೋಡೋಣ ಎಂದು ಹೆದರಿಸುತ್ತಾನೆಂದೇ ಅವರು ತಿಳಿದರು. ಪಾಪ, ಅವನಿಗೆ ನಿಜವಾಗಿ ಕೇಳಿಸಿರಲಿಲ್ಲ.

*

ಹತ್ತು ಗಂಟೆಯ ಬಿಸಿಲಿಗೆ ಅಂಗಳದ ಶಾಮಿಯಾನದಡಿ ಜನ ಒತ್ತಾಗಿ ಕುಳಿತಿದ್ದರು. ಭಜನೆಯವರು ಚಹಾ ಕುಡಿಯಲು ನಿಲ್ಲಿಸಿದ್ದರು. ಹಾರ ಹಾಕಿ ಹೋಗುವವರು ಹೋಗುತ್ತಿದ್ದರು, ಉಳಿದವರಲ್ಲಿ ಮಾತು ಮೆಲ್ಲಗೆ ಟಿಕೆಟ್ ತಪ್ಪಿದ ಕತೆಯ ಕಡೆ ತಿರುಗಿತು.

"ಖರೆ ಹೇಳೋ ಅಮಸಿದ್ದಪ್ಪ, ನೀ ಅಲ್ಲೇ ಇದ್ದಿಯಲ್ಲ. ಆ ಮದವ್ಯಾಗ ಏನಾತು?" ಎಂದ ಒಬ್ಬ ಮುದುಕ.

ಅಮಸಿದ್ದಪ್ಪ ಬನಶಂಕರಿಯ ಕಡೆ ನೋಡಿದ. ಅವಳು ಹೇಳು ಎನ್ನುವಂತೆ ಗೋಣು ಹಾಕಿದಳು.

"ಏನಿಲ್ರಿ. ಮುಧೋಳದಾಗ ಮದವಿ. ಇತ್ತ ಮಂತ್ರಿ ಕುಂತಾನ, ಅತ್ತ ಮಂತ್ರಿನ ಇಳಸಬೇಕಂತ ಗುಂಪು ಕಟ್ಟಿದ ಹಿರ್ಯಾ ಒಬ್ಬ ಕುಂತಾನ. ನಡುವ ನಮ್ಮ ಸಾಹೇಬ್ರು ಹೋಳಿಗಿ ಉಣ್ಣಾಕತ್ತಾರ. ಆ ಹಿರ್ಯಾ ಸಾಹೇಬ್ರ ಬಲಗಿವ್ಯಾಗ ಬಾಯಿ ಇಟ್ಟು, ನಾಳಿ ನಾವೆಲ್ಲಾರೂ ರೆಸಾರ್ಟಿಗಿ ಹೊಂಟೇವಿ, ಬರ್ತೀಯೇನು ಅಂದ."

"ಮುಂದ?"

"ಮುಂದೇನ್ರಿ, ನಮ್ಮವರಿಗಿ ಪಿಸುಮಾತು ಎಲ್ಲಿ ಗೊತ್ತೈತಿ. ನಾಕು ಮಗ್ಗ ನಡದಾಗ ಹೇಳಿದಂಗ ಹೇಳಿದ್ರು. ರೆಸಾರ್ಟಿಗಿ ನಾ ಬರಂಗಿಲ್ರಿ, ಮಂತ್ರಿ ನನಗೇನ ಕೆಟ್ಟದ ಮಾಡ್ಯಾನ ಅಂತ. ವಾಲಗದವರು ನುಡಸೂದ ಬಿಟ್ರು. ಅಕ್ಕಿಕಾಳ ಹಾಕಾಕ ಎತ್ತಿದ ಕೈ ಹಂಗ ನಿಂತುವು."

ಮೊದಲು ಒಬ್ಬ ಮೂಗಿನಲ್ಲಿ ನಕ್ಕ. ಆಮೇಲೆ ಶಾಮಿಯಾನದಡಿ ಇದ್ದ ಅರ್ಧ ಜನ ತಲೆ ತಗ್ಗಿಸಿ, ಟವೆಲು ಬಾಯಿಗಿಟ್ಟು ನಕ್ಕರು. ಬನಶಂಕರಿಯ ಹೊಟ್ಟೆಯಲ್ಲೂ ನಗೆ ಎದ್ದು, ಅರ್ಧ ದಾರಿಯಲ್ಲಿ ಅಳುವಾಯಿತು. ಪಕ್ಕದಲ್ಲಿ ಕುಳಿತಿದ್ದ ಮಗಳು ವೈಶಾಲಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ವೈಶಾಲಿಗೂ ಅಪ್ಪನ ದನಿಯೇ ಬಂದಿತ್ತು, ಅವಳ ಕ್ಲಾಸಿನಲ್ಲಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ.

"ಮಂತ್ರಿ ಖುಷಿ ಆಗಬೇಕಿತ್ತಲ್ಲೋ?" ಎಂದ ಮುದುಕ.

"ಎಲ್ಲಿ ಖುಷಿರಿ? ಗುಂಪಿನವರು ಮನಿ ಹಾಳ ಮಾಡಿದ ಅಂದ್ರು. ಇಂಥಾವನ ಮುಂದ ಗುಟ್ಟಿನ ಮಾತ ಹೆಂಗ ಆಡೂದು ಅಂತ ಮಂತ್ರಿನೂ ದೂರ ಇಟ್ಟ. ಎರಡೂ ಕಡೆ ಹೋತು. ಐದ ವರ್ಷ ಮುಗದ್ವು, ಮನಿಗಿ ಬಂದ್ವಿ."

ಶಂಕರೆಪ್ಪನ ಶಾಸಕಗಿರಿ ಅಷ್ಟೇ. ಆ ಐದು ವರ್ಷದಲ್ಲಿ ಒಂದಿಷ್ಟು ರಸ್ತೆ, ಒಂದು ಹೆಣ್ಣುಮಕ್ಕಳ ಹಾಸ್ಟೆಲು, ನೇಕಾರರ ಕರೆಂಟಿನ ದರದ ಮೇಲೆ ವಿಧಾನಸಭೆಯಲ್ಲಿ ಒಂದು ಭಾಷಣ. ಆ ಭಾಷಣಕ್ಕೆ ಸಭಾಧ್ಯಕ್ಷರು, ಸ್ವಲ್ಪ ಮೆಲ್ಲಗೆ ಮಾತಾಡಿ, ನಮಗೆಲ್ಲ ಕಿವಿ ಇವೆ ಎಂದಿದ್ದರಂತೆ. ಕಿವಿ ಇದ್ದವರ ನಡುವೆ ತನ್ನದೇ ಸರಿಯಿಲ್ಲ ಎಂದು ಅವನು ಮನೆಗೆ ಬಂದು ನಕ್ಕಿದ್ದ.

*

ಆದರೆ ಅವನನ್ನು ಶಾಸಕನನ್ನಾಗಿ ಮಾಡಿದ್ದು ದನಿಯಲ್ಲ, ಒಂದು ಗೋಡೆ.

ಶಂಕರೆಪ್ಪ ಅಧ್ಯಕ್ಷನಾಗಿದ್ದ ಬೇಸಿಗೆಯಲ್ಲಿ ಓಣಿಯ ನೂಲಿನ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸುವ ಗಾಡಿ ಬಂತು, ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತು. ಪೈಪು ಗೋದಾಮಿನ ತನಕ ಮುಟ್ಟಲಿಲ್ಲ. ಜನ ಕೊಡದಲ್ಲಿ ನೀರು ತಂದು ಎರಚುತ್ತಿದ್ದಂತೆಯೇ ಎಲ್ಲ ಬೂದಿಯಾಯಿತು. ರಸ್ತೆ ಅಗಲ ಮಾಡಲೇಬೇಕೆಂದು ಮರುದಿನ ಓಣಿಗೆ ಓಣಿಯೇ ಒಪ್ಪಿತು. ಯಾರ ಮನೆ ಒಡೆಯಬೇಕೆಂದರೆ ಪ್ರತಿಯೊಬ್ಬರೂ ಎದುರು ಮನೆ ತೋರಿಸಿದರು.

ತಿಂಗಳುಗಟ್ಟಲೆ ಎಳೆದಾಡಿದ ಮೇಲೆ ಒಂದು ಮುಂಜಾನೆ ಓಣಿಯ ಗುಡಿಯ ಮುಂದೆ ನಿಂತು ಶಂಕರೆಪ್ಪ, "ನಾಳಿ ಮೊದಲ ನನ್ನ ಮನಿ ಒಡೀರಿ," ಎಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಆ ಮಾತಿನ ಮೇಲೆ ಯಾರಿಗೂ ತಕರಾರು ಎತ್ತುವ ಬಾಯಿ ಉಳಿಯಲಿಲ್ಲ.

ನನ್ನ ಮನೆ ಎಂದನಲ್ಲ, ಅದರಲ್ಲೇ ಇತ್ತು ತೊಡಕು. ಅಪ್ಪ ಸಾಯುವ ಮೊದಲು ಮನೆಯನ್ನು ಬಾಯಿಮಾತಿನಲ್ಲಿ ಪಾಲು ಮಾಡಿದ್ದ. ಹಿಂದಿನ ಅರ್ಧ ಶಂಕರೆಪ್ಪನಿಗೆ, ರಸ್ತೆಯ ಕಡೆಯ ಅರ್ಧ ಮುರಗೆಪ್ಪನಿಗೆ. ಒಡೆಯಬೇಕಾಗಿದ್ದು ರಸ್ತೆಯ ಕಡೆಯದು. ಮುರಗೆಪ್ಪನ ಮಗ್ಗ ಇದ್ದದ್ದು ಅಲ್ಲಿ, ಅವರ ಅವ್ವ ಕುಳಿತು ನೂಲು ಸುತ್ತುತ್ತಿದ್ದ ಕಟ್ಟೆ ಇದ್ದದ್ದೂ ಅಲ್ಲಿ.

ಆ ಸಂಜೆ ಶಂಕರೆಪ್ಪ ತಮ್ಮನ ಮಗ್ಗದ ಕೋಣೆಗೆ ಹೋದ. ಹಿಂದೆಯೇ ಹೋದ ಬನಶಂಕರಿ ಬಾಗಿಲಲ್ಲಿ ನಿಂತಳು. ಮಗ್ಗ ನಡೆದಿದ್ದವು. ಶಂಕರೆಪ್ಪ ಮುಷ್ಟಿ ಎತ್ತಿದ, ಮುರಗೆಪ್ಪ ನಿಲ್ಲಿಸಲಿಲ್ಲ. ಶಂಕರೆಪ್ಪ ಅವನೆದುರು ಹೋಗಿ ನಿಂತು ಏನೋ ಹೇಳಿದ. ಸ್ವಲ್ಪ ಹೊತ್ತೇ ಹೇಳಿದ. ಅವಳಿಗೆ ಕಂಡದ್ದು ಗಂಡನ ಬೆನ್ನು ಮಾತ್ರ, ತುಟಿ ಕಾಣಲಿಲ್ಲ. ಮುರಗೆಪ್ಪ ಅಣ್ಣನ ಮುಖ ನೋಡದೆ ಅತ್ತಿತ್ತ ಓಡುವ ಲಾಳಿಯನ್ನೇ ನೋಡುತ್ತಿದ್ದ. ಹೇಳಿ ಮುಗಿಸಿದ ಮೇಲೂ ಶಂಕರೆಪ್ಪ ನಿಂತೇ ಇದ್ದ. ತಮ್ಮ ಕಿವಿಗೆ ಕೈ ಹಚ್ಚುತ್ತಾನೋ ಎಂದು ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಮುರಗೆಪ್ಪ ಕೈ ಎತ್ತಲಿಲ್ಲ.

"ಏನ ಹೇಳಿದ್ರಿ?" ಎಂದು ಆ ರಾತ್ರಿ ಕೇಳಿದ್ದಳು.

"ಅವಂಗ ಹೇಳೂದ ಅವಂಗ ಹೇಳೇನಿ. ಕೇಳಿದ್ರ ಮತ್ತ ಹೇಳ್ತೇನಿ," ಎಂದು ಮಗ್ಗುಲಾಗಿದ್ದ.

ಮರುದಿನ ಗೋಡೆ ಬಿತ್ತು. ಸ್ವಂತ ಮನೆಯನ್ನೇ ಮೊದಲು ಒಡೆಸಿದ ಅಧ್ಯಕ್ಷ ಎಂದು ಎಲ್ಲ ಪತ್ರಿಕೆಗಳಲ್ಲಿ ಫೋಟೋ ಬಂತು. ಬೆಂಗಳೂರಿನ ತನಕ ಹೆಸರು ಹೋಯಿತು, ಮರುವರ್ಷ ಟಿಕೆಟ್ ಮನೆ ಬಾಗಿಲಿಗೆ ಬಂತು. ಶಂಕರೆಪ್ಪ ತನ್ನ ಹಿಂದಿನ ಅರ್ಧವನ್ನು ಪೂರಾ ತಮ್ಮನಿಗೆ ಬಿಟ್ಟುಕೊಟ್ಟು ಹೊರಗೆ ಬಂದ. ಮುರಗೆಪ್ಪ ಅಲ್ಲಿ ಮಗ್ಗ ಹೂಡಿದ, ಬದುಕಿದ. ಮಾತಾಡಲಿಲ್ಲ. ಮತ ಹಾಕಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

"ಒಡದದ್ದು ನನ್ನ ಮನಿ, ಹೆಸರಾದದ್ದು ಅವಂದು," ಎಂದು ಒಮ್ಮೆ ಚಹಾದಂಗಡಿಯಲ್ಲಿ ಅಂದಿದ್ದನಂತೆ. "ಅರ್ಧ ಮನಿ ಬಿಟ್ಟುಕೊಟ್ಟ ಅಂತ ಊರಿಗೆಲ್ಲಾ ಗೊತ್ತೈತಿ. ಗುಡಿ ಮುಂದ ಹೇಳೂ ಮೊದಲ ನನಗ ಒಂದ ಮಾತ ಕೇಳಲಿಲ್ಲ ಅಂಬೂದು ಯಾರಿಗಿ ಗೊತ್ತೈತಿ?"

ಅದು ಸುಳ್ಳಲ್ಲವೆಂದು ಬನಶಂಕರಿಗೆ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತೆಂದು ಅವಳ ನಂಬಿಕೆ. ಕೊನೆಯ ವರ್ಷಗಳಲ್ಲಿ ಅವನು ಸಂಜೆ ಹೊತ್ತು ಓಣಿಯ ಗುಡಿಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದ. ಬಲಗಿವಿಯೂ ಹೋಗಿ ಪೂರಾ ಕಿವುಡನಾಗಿದ್ದ, ಕಿವಿಯ ಮಷಿನ್ನು ಕಿಸೆಯಲ್ಲೇ ಇರುತ್ತಿತ್ತು. ಕಟ್ಟೆಯ ಕಲ್ಲಿನ ಮೇಲೆ ಅಂಗೈ ಊರಿ ಮಗ್ಗಗಳ ನಡುಕ ಹಿಡಿದು ಕುಳಿತು, ಮನೆಗೆ ಬಂದು, "ಇವತ್ತ ಮುರಗ್ಯಾನ ಒಂದ ಮಗ್ಗ ನಿಂತೈತಿ, ಏನ ತ್ರಾಸ ಆಗೇತೋ ಏನೋ," ಎನ್ನುತ್ತಿದ್ದ.

*

ಮಧ್ಯಾಹ್ನ ಟ್ರ್ಯಾಕ್ಟರು ಓಣಿಯ ಬಾಯಿಗೆ ಬಂತು. ಮುಂದೆ ಭಜನೆಯವರು, ಹಿಂದೆ ಜನ, ಅವರ ಹಿಂದೆ ದೊಡ್ಡವರ ಕಾರುಗಳ ಸಾಲು. ಟ್ರೇಲರಿನ ಪಕ್ಕದಲ್ಲೇ ನಡೆಯುತ್ತಿದ್ದ ಬನಶಂಕರಿ ಕಿವಿಗೊಟ್ಟಳು.

ಓಣಿ ಸುಮ್ಮನಿತ್ತು.

ಒಂದು ಮನೆ, ಎರಡು ಮನೆ, ಹತ್ತು ಮನೆ. ಎಲ್ಲೂ ಒಂದು ಮಗ್ಗದ ಸದ್ದಿಲ್ಲ. ಜನ ಬಾಗಿಲಿಗೆ ಬಂದು ಕೈ ಮುಗಿಯುತ್ತಿದ್ದರು. ಕೆಲವರ ತಲೆಗೂದಲಲ್ಲಿ ಹತ್ತಿಯ ಎಳೆ ಹಾಗೆಯೇ ಇತ್ತು. ಮುಂದೆ ತಿರುವಿನಾಚೆ ಮುರಗೆಪ್ಪನ ಮನೆ, ಅಲ್ಲಿಂದಲೂ ಏನೂ ಕೇಳುತ್ತಿರಲಿಲ್ಲ. ನೋಡ್ರಿ, ನಿಮ್ಮ ಓಣಿ ನಿಮ್ಮನ್ನ ಬಿಟ್ಟಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ವಿಮಾನದ ಕಡೆ ನೋಡಿದಳು. ಇಷ್ಟು ಸಂತೋಷ ಇವತ್ತು ಆಗಬಾರದೆಂದು ನಾಚಿಕೆಯೂ ಆಯಿತು.

ಆಗ ಅವಳಿಗೆ ಗುಡಿ ಕಂಡಿತು. ಗರ್ಭಗುಡಿಯಲ್ಲಿ ಹಗಲೂ ಉರಿಯುವ ಬಲ್ಬು ಆರಿತ್ತು. ಎದುರಿನ ದರ್ಜಿಯ ಅಂಗಡಿಯಲ್ಲಿ ಫ್ಯಾನು ನಿಂತಿತ್ತು, ದರ್ಜಿ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳು ಸಾಲಾಗಿ ಕಾಯುತ್ತಿದ್ದವು.

"ಕರೆಂಟ ಇಲ್ಲೇನು?" ಎಂದಳು.

ವೈಶಾಲಿ ತಾಯಿಯ ಮುಖ ನೋಡಿ ಸುಭಾಷನ ಕಡೆ ತಿರುಗಿದಳು. ಅವನು ಶಹಭಾಸ್‌ಗಿರಿಗೆ ಕಾದವನಂತೆ ಹತ್ತಿರ ಬಂದ. "ಲೈನಿನವಂಗ ಹೇಳಿ ತಾಸೊಪ್ಪತ್ತು ತಗಸೇನ್ರಿ ಅಕ್ಕಾರ. ನಾ ಹೇಳಿದ್ನಲ್ಲ, ಸಪ್ಪಳದ ಚಿಂತಿ ಬಿಡ್ರಿ ಅಂತ."

ಬನಶಂಕರಿ ನಿಂತಳು. ಟ್ರೇಲರಿನ ಅಂಚು ಹಿಡಿದು ಅಮಸಿದ್ದಪ್ಪನಿಗೆ ಮುಷ್ಟಿ ಎತ್ತಿ ತೋರಿಸಿದಳು. ಇಷ್ಟು ವರ್ಷ ಶಂಕರೆಪ್ಪನ ಗಾಡಿ ಓಡಿಸಿದವನಿಗೆ ಆ ಸನ್ನೆ ಹೇಳಿಕೊಡಬೇಕಾಗಿರಲಿಲ್ಲ. ಟ್ರ್ಯಾಕ್ಟರು ನಿಂತಿತು.

"ಕರೆಂಟ ಕೊಡಸು."

"ಅಕ್ಕಾರ..."

"ಕೊಡಸು ಸುಭಾಷ್. ಕೊಟ್ಟ ಮ್ಯಾಲೆ ಮುಂದ ಹೋಗೂದು."

"ಕರೆಂಟ ಬಂದು ಮಗ್ಗ ಚಾಲೂ ಆದ್ರ ಹೆಂಗ್ರಿ? ಹಿಂದ ಇಷ್ಟ ಮಂದಿ ಅದಾರ. ಸಾಹೇಬ್ರ ಮರ್ಯಾದಿ ಹೋಗತೈತಿ."

"ಹೋದ್ರ ಹೋಗ್ಲಿ. ಇದ್ರ ಹೋಗಬೇಕಲ್ಲ," ಎಂದಳು. "ಓಣಿ ಬಾಯಿ ಮುಚ್ಚಿ ಸುಮ್ಮನ ಕುಂಡ್ರಿಸಿದ್ರ ಅದನ್ನ ಮರ್ಯಾದಿ ಅಂತಾರೇನೋ? ಸತ್ತ ಮ್ಯಾಲೂ ಅವರಿಗಿ ಕೇಳಲಾರ್ದ ಮಾಡಸ್ತೀಯೇನು?"

ಹಿಂದಿನ ಕಾರೊಂದು ಹಾರ್ನ್ ಹೊಡೆಯಿತು. ವೈಶಾಲಿ ತಿರುಗಿ ಅಪ್ಪನ ದನಿಯಲ್ಲಿ, "ಒಂದೀಟ ತಡೀರಿ," ಎಂದಳು. ಹಾರ್ನ್ ನಿಂತಿತು. ಸುಭಾಷ್ ಬೆವರು ಒರೆಸಿಕೊಂಡು ಫೋನು ಕಿವಿಗಿಟ್ಟು ಅತ್ತ ಹೋದ.

ಎಲ್ಲರೂ ನಿಂತರು. ಭಜನೆಯವರೂ ಸುಮ್ಮನಾದರು. ಬಿಸಿಲು ಸುಡುತ್ತಿತ್ತು. ಯಾರೋ ತಂದುಕೊಟ್ಟ ನೀರನ್ನು ಬನಶಂಕರಿ ಕುಡಿಯಲಿಲ್ಲ.

ಕರೆಂಟು ಬಂತು. ಮೊದಲು ಗುಡಿಯ ಬಲ್ಬು ಹೊತ್ತಿತು, ಆಮೇಲೆ ದರ್ಜಿಯ ಫ್ಯಾನು ತಿರುಗಿತು. ಎಡಕ್ಕೆ ಒಂದು ಮನೆಯಲ್ಲಿ ಮಗ್ಗ ಧಡಧಡ ಹೊಡೆದುಕೊಂಡಿತು, ಯಾರೋ ಓಡಿಹೋಗಿ ಆರಿಸಿದರು. ಅಲ್ಲೊಂದು ಇಲ್ಲೊಂದು ಹಾಗೆಯೇ ಎದ್ದು ಹಾಗೆಯೇ ನಿಂತವು. ಕರೆಂಟು ಹೋದಾಗ ಸ್ವಿಚ್ಚು ತೆಗೆಯದೆ ಬಿಡುವುದು ನೇಕಾರರಲ್ಲಿ ಬೈಸಿಕೊಳ್ಳುವ ತಪ್ಪು, ಬಂದ ಕೂಡಲೇ ಮಗ್ಗ ತಾನೇ ಓಡಿ ಎಳೆ ಹರಿಯುತ್ತವೆ. ಸಾವು ನೋಡಲು ಎದ್ದು ಬಂದ ಗಡಿಬಿಡಿಯಲ್ಲಿ ಕೆಲವರು ಮರೆತಿದ್ದರು. ಸ್ವಲ್ಪ ಹೊತ್ತಿಗೆ ಅವೆಲ್ಲ ನಿಂತು ಓಣಿ ಮತ್ತೆ ಸುಮ್ಮನಾಯಿತು. ಬಾಗಿಲಲ್ಲಿ ನಿಂತವರು ಬನಶಂಕರಿಯ ಕಡೆ ನೋಡಿ ಇನ್ನೊಮ್ಮೆ ಕೈ ಮುಗಿದರು.

ತಿರುವಿನಾಚೆಯಿಂದ ಮಾತ್ರ ಸದ್ದು ಬರುತ್ತಿತ್ತು. ಮುರಗೆಪ್ಪನ ನಾಲ್ಕೂ ಮಗ್ಗ.

ನಂದಾ ತಲೆ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಮುರಗೆಪ್ಪ ಸ್ವಿಚ್ಚು ಮರೆಯುವವನಲ್ಲವೆಂದು ಅವಳಿಗೂ ಗೊತ್ತಿತ್ತು, ಬನಶಂಕರಿಗೂ ಗೊತ್ತಿತ್ತು.

"ಬ್ಯಾರೆ ಹಾದಿ ಹಿಡಿಯೂಣೇನ್ರಿ?" ಎಂದ ಅಮಸಿದ್ದಪ್ಪ, ಮೆಲ್ಲಗೆ.

"ಇದ ಹಾದಿ. ನಡಿ."

ಟ್ರ್ಯಾಕ್ಟರು ತಿರುವು ದಾಟಿತು. ಸದ್ದು ಹೆಚ್ಚಾಯಿತು. ಅವರು ಈಗ ನಡೆಯುತ್ತಿದ್ದ ಡಾಂಬರಿನ ಕೆಳಗೆ ಆ ಮನೆಯ ಮುಂದಿನ ಅರ್ಧ ಇತ್ತು. ಅತ್ತೆಯ ಕಟ್ಟೆ ಎಲ್ಲಿತ್ತೆಂದು ಬನಶಂಕರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು, ಅಲ್ಲಿ ಕಾಲಿಡದೆ ಬಳಸಿ ನಡೆದಳು. ಬಲಕ್ಕೆ ಮುರಗೆಪ್ಪನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಟ್ಯೂಬ್‌ಲೈಟು. ಮಗ್ಗದ ಹೊಡೆತ ಅಂಗಾಲಿನಿಂದ ಏರಿ ಮೊಣಕಾಲಿಗೆ ಬರುತ್ತಿತ್ತು. ಹಿಂದಿನಿಂದ ಯಾರೋ ಬೈದರು, ಯಾರೋ ಅವರನ್ನು ಸುಮ್ಮನಾಗಿಸಿದರು. ಹೆಣಕ್ಕೂ ಮಗ್ಗ ನಿಲ್ಲಿಸದ ತಮ್ಮನ ಕತೆ ಸಂಜೆಯೊಳಗೆ ಬೀಳಗಿಯ ತನಕ ಮುಟ್ಟುತ್ತದೆಂದು ಅವಳಿಗೆ ತಿಳಿಯಿತು. ಆದರೂ ಕರೆಂಟು ಕೊಡಿಸಿದ್ದು ತಪ್ಪೆಂದು ಅನ್ನಿಸಲಿಲ್ಲ. ಅಳು ಬಂತು, ಅತ್ತಳು.

ಅಮಸಿದ್ದಪ್ಪ ಬಾಗಿಲೆದುರು ಬ್ರೇಕು ಹಾಕಿದ. ಯಾರೂ ಹೇಳಿರಲಿಲ್ಲ. ಟ್ರೇಲರು ಜಗ್ಗಿ ನಿಂತಿತು.

ಆಗ ಬಾಗಿಲ ಹತ್ತಿರದ ಮಗ್ಗ ನಿಂತಿತು.

ಕರೆಂಟು ಹೋದರೆ ಎಲ್ಲ ಮಗ್ಗ ಒಟ್ಟಿಗೆ ಸಾಯುತ್ತವೆ. ಕೈಯಿಂದ ನಿಲ್ಲಿಸಿದರೆ ಹಾಗಲ್ಲ. ಬನಶಂಕರಿ ಕಣ್ಣೊರೆಸಿಕೊಂಡು ಕೇಳಿದಳು. ಒಂದು ನಿಂತಿತು. ಒಬ್ಬ ಮುದುಕ ಎದ್ದು ಇನ್ನೊಂದರ ತನಕ ನಡೆಯುವಷ್ಟು ಹೊತ್ತಾಯಿತು. ಎರಡನೆಯದು ನಿಂತಿತು. ಮತ್ತೆ ಅಷ್ಟು ಹೊತ್ತು. ಮೂರನೆಯದು. ಕೊನೆಯದು ಗೋಡೆಯ ಬದಿಯದು, ಒಂದು ಕಾಲಕ್ಕೆ ಶಂಕರೆಪ್ಪ ನಡೆಸುತ್ತಿದ್ದ ಮಗ್ಗ. ಅದು ತುಸು ಹೆಚ್ಚು ಹೊತ್ತು ನಡೆದು ನಿಂತಿತು.

ಮುರಗೆಪ್ಪ ಹೊಸ್ತಿಲಿಗೆ ಬಂದ. ಬನಿಯನ್ನು, ಮೊಣಕಾಲ ತನಕ ಎತ್ತಿ ಕಟ್ಟಿದ ಧೋತರ, ಹುಬ್ಬಿನ ಮೇಲೆ ಹತ್ತಿಯ ಧೂಳು. ಹೆಂಡತಿಯನ್ನು ನೋಡಲಿಲ್ಲ, ಅತ್ತಿಗೆಯನ್ನು ನೋಡಲಿಲ್ಲ, ಕಾರುಗಳಿಂದ ಇಳಿದು ನಿಂತ ದೊಡ್ಡವರನ್ನಂತೂ ನೋಡಲೇ ಇಲ್ಲ. ಕೈ ಮುಗಿಯಲೂ ಇಲ್ಲ. ಟ್ರೇಲರಿನ ಹತ್ತಿರ ಬಂದು ತಲೆಯೆತ್ತಿ ಅಣ್ಣನ ಮುಖ ನೋಡುತ್ತ ನಿಂತ.

ಟ್ರೇಲರು ಜಗ್ಗಿದ ರಭಸಕ್ಕೆ ಅಮಸಿದ್ದಪ್ಪ ಕಟ್ಟಿದ ಗಂಟು ಸಡಿಲಾಗಿತ್ತು. ಶಂಕರೆಪ್ಪನ ಮುಖ ಎಡಕ್ಕೆ ಹೊರಳಿ, ಬಲಗಿವಿ ತಮ್ಮನ ಕಡೆಗೆ ಆಗಿತ್ತು.

ಮುರಗೆಪ್ಪ ಮೆಲ್ಲಗೆ ಬಲಗೈ ಎತ್ತಿದ. ಅಂಗೈಯನ್ನು ಕಿವಿಗೆ ಹಚ್ಚಿದ. ಹಚ್ಚಿಕೊಂಡೇ ನಿಂತ.